ಗ್ಯಾಲಕ್ಸಿಯ ಬಟ್ಟೆ ಯಾವ ಅಂಗಡಿಯದು?

ಲಂಡನ್ನಿನಲ್ಲಿ ಸಿನಿಮಾಗಳಿಗೆ ಉಡುಪು ಬಾಡಿಗೆ ಕೊಡುವ ಕಂಪನಿಯೊಂದರಲ್ಲಿ ಕಂದು ಬಣ್ಣದ ಒಂದು ನಿಲುವಂಗಿ ವರ್ಷಗಟ್ಟಲೆ ನೇತಾಡುತ್ತಿತ್ತು. ಸನ್ಯಾಸಿ ವೇಷ ಬೇಕು ಅಂತ ಬಂದವರಿಗೆ ಅದನ್ನೇ ಕೊಟ್ಟು ಕಳಿಸುತ್ತಿದ್ದರು. ಬೇರೆ ಸಿನಿಮಾದ ಗುಂಪಿನಲ್ಲಿ ನಿಂತವರೂ ಅದನ್ನು ತೊಟ್ಟರು. ಕೊನೆಗೆ ಗೊತ್ತಾಯಿತು, 1977ರ ‘ಸ್ಟಾರ್ ವಾರ್ಸ್’ನಲ್ಲಿ ಓಬಿ-ವಾನ್ ಕೆನೋಬಿ ಪಾತ್ರಕ್ಕೆ ಅಲೆಕ್ ಗಿನ್ನೆಸ್ ಹಾಕಿಕೊಂಡಿದ್ದ ನಿಲುವಂಗಿ ಅದೇ ಅಂತ. 2007ರಲ್ಲಿ ಬೋನಮ್ಸ್ ಹರಾಜಿನಲ್ಲಿ ಅದು 54,000 ಪೌಂಡಿಗೆ ಹೋಯಿತು.

ಸುಮಾರು ಮೂವತ್ತು ವರ್ಷ ಯಾರ ಕಣ್ಣಿಗೂ ಅದು ವಿಶೇಷ ಅಂತ ಬೀಳಲಿಲ್ಲ ಯಾಕೆ? ನೋಡಲು ಅದು ನಿಜಕ್ಕೂ ಒಬ್ಬ ಸನ್ಯಾಸಿಯ ಅಂಗಿಯ ಹಾಗೇ ಇತ್ತು, ಅಷ್ಟೇ. ಆ ಸಿನಿಮಾದ ವಸ್ತ್ರವಿನ್ಯಾಸಕ ಜಾನ್ ಮೊಲೊ ಹಳೆಯ ಸೇನಾ ಸಮವಸ್ತ್ರಗಳನ್ನು ಆಳವಾಗಿ ಓದಿಕೊಂಡವರು. ಮಿರಮಿರ ಮಿಂಚುವ ಬಟ್ಟೆಯ ಬದಲು, ಜನ ಹಾಕಿ ಹಾಕಿ ಹಳೆಯದಾದಂತೆ ಕಾಣುವ ಉಡುಪು ಕೊಟ್ಟರು. ಆಸ್ಕರ್ ಪ್ರಶಸ್ತಿಯೂ ಬಂತು.

ಸೈಫೈ ಉಡುಪಿನ ತದ್ರೂಪ ಹೊಲಿಸಬೇಕು ಅಂತ ಹೊರಡುವವರು ಮೊದಲು ಅರಗಿಸಿಕೊಳ್ಳಬೇಕಾದ ಸಂಗತಿ ಇದೇ. ದೂರದ ಗ್ಯಾಲಕ್ಸಿಯಾಗಲಿ, 23ನೇ ಶತಮಾನದ ನೌಕೆಯಾಗಲಿ, ಅಲ್ಲಿನವರ ಬಟ್ಟೆಯೆಲ್ಲ ನಮ್ಮ ಕಾಲದ ಅಂಗಡಿಯಲ್ಲಿ ಸಿಕ್ಕ ಬಟ್ಟೆಯೇ. ಹಾಗಾಗಿ ‘ಅಸಲಿ ಬಟ್ಟೆ’ ಹುಡುಕುವುದು ಅಂದ್ರೆ ಯಾವುದೋ ಒಂದು ವರ್ಷ, ಯಾವುದೋ ಒಂದು ಅಂಗಡಿಯಲ್ಲಿದ್ದ ಒಂದು ಥಾನಿನ ಬೆನ್ನು ಹತ್ತುವುದು. ಅದು ಹೆಚ್ಚಾಗಿ ಸಿಗಲ್ಲ. ಸಿಗದಿದ್ದಾಗ ಅಸಲಿ ಅಂದ್ರೆ ಏನು ಅಂತ ನಾವೇ ತೀರ್ಮಾನ ಮಾಡಬೇಕಾಗುತ್ತೆ.

ಬೆಂಗಳೂರಿನ ಕಾಮಿಕ್ ಕಾನ್‌ಗೆ ಹೋದವರು ಎರಡು ಬಗೆಯ ವೇಷ ನೋಡಿರುತ್ತೀರಿ. ಒಂದು ಆನ್‌ಲೈನ್‌ನಲ್ಲಿ ತರಿಸಿದ್ದು. ಅಚ್ಚು, ಗುಂಡಿ, ಲಾಂಛನ ಎಲ್ಲ ಸರಿ ಇರುತ್ತೆ, ಆದರೆ ಫೋಟೊದಲ್ಲಿ ಫ್ಲಾಶ್ ಬಿದ್ದ ಕೂಡಲೇ ತೆಳು ಪಾಲಿಯೆಸ್ಟರ್ ಫಳ್ ಅನ್ನುತ್ತೆ. ಇನ್ನೊಂದರಲ್ಲಿ ಎಲ್ಲೋ ಒಂದು ಹೊಲಿಗೆ ಸೊಟ್ಟ ಇರಬಹುದು, ಆದರೆ ನಡೆದಾಗ ಬಟ್ಟೆ ಬೀಳುವ ರೀತಿ ಪರದೆಯ ಮೇಲಿನದೇ. ಎರಡಕ್ಕೂ ಇರುವ ವ್ಯತ್ಯಾಸ ಬಟ್ಟೆಯದು. 1997ರಲ್ಲಿ ಅಮೆರಿಕದಲ್ಲಿ ಶುರುವಾದ ‘501ಸ್ಟ್ ಲೀಜನ್’ ಅನ್ನುವ ಸ್ಟಾರ್ ವಾರ್ಸ್ ಅಭಿಮಾನಿಗಳ ಸಂಘದಲ್ಲಿ ಸದಸ್ಯತ್ವ ಬೇಕಿದ್ದರೆ ನಿಮ್ಮ ಉಡುಪು ಅವರು ಬರೆದಿಟ್ಟ ಮಾನದಂಡಕ್ಕೆ ಸರಿಹೊಂದಬೇಕು. ಸಾಫ್ಟ್‌ವೇರ್‌ನವರ ಭಾಷೆಯಲ್ಲಿ ಹೇಳೋದಾದ್ರೆ, ಸ್ಪೆಕ್ ಇಲ್ಲದೆ ರಿವ್ಯೂ ಇಲ್ಲ.

ಕ್ಯಾಪ್ಟನ್ ಅಂಗಿ ಚಿನ್ನದ್ದೋ, ಹಸಿರೋ?

ಸ್ಪೆಕ್ ಬರೆಯೋದೇ ಎಷ್ಟು ಕಷ್ಟ ಅನ್ನೋದಕ್ಕೆ ‘ಸ್ಟಾರ್ ಟ್ರೆಕ್’ ಒಳ್ಳೆಯ ಉದಾಹರಣೆ. 1966ರಿಂದ 1969ರವರೆಗೆ ಬಂದ ಮೊದಲ ಸರಣಿಯಲ್ಲಿ ಕ್ಯಾಪ್ಟನ್ ಕರ್ಕ್ ತೊಟ್ಟ ಅಂಗಿ ಯಾವ ಬಣ್ಣ ಅಂತ ಕೇಳಿದರೆ ಎಲ್ಲರೂ ಚಿನ್ನದ ಹಳದಿ ಅಂತಾರೆ. ಆದರೆ ವಿನ್ಯಾಸಕ ವಿಲಿಯಂ ವೇರ್ ಥೀಸ್ ಆರಿಸಿದ್ದು ಹಸಿರು ಕಡೆಗೆ ವಾಲಿದ ಬಟ್ಟೆ. ಸ್ಟುಡಿಯೋದ ಪ್ರಖರ ದೀಪ ಮತ್ತು ಆಗಿನ ಫಿಲ್ಮ್ ಎರಡೂ ಸೇರಿ ಅದನ್ನು ಚಿನ್ನದ ಬಣ್ಣ ಮಾಡಿಬಿಟ್ಟವು. ಅದೇ ಕ್ಯಾಪ್ಟನ್ ಬೇರೆ ಬಟ್ಟೆಯಲ್ಲಿ ಹೊಲಿದ ಇನ್ನೊಂದು ಅಂಗಿ ಹಾಕಿಕೊಂಡು ಬಂದಾಗ ಅದು ಹಸಿರಾಗೇ ಕಂಡಿತು.

ಈಗ ಹೇಳಿ, ಅಸಲಿ ಯಾವುದು? ಶೂಟಿಂಗ್ ಜಾಗದಲ್ಲಿದ್ದ ಹಸಿರೋ, ನಾವು ನೋಡಿದ ಚಿನ್ನವೋ? ಎರಡಕ್ಕೂ ವಾದ ಇದೆ. ಆದರೆ ಒಂದೇ ಅಂಗಿಯಲ್ಲಿ ಎರಡನ್ನೂ ಸಾಧಿಸೋಕಾಗಲ್ಲ. ಹಸಿರು ಬಟ್ಟೆ ತಂದರೆ ನಿಮ್ಮ ಮೊಬೈಲ್ ಕ್ಯಾಮೆರಾದಲ್ಲಿ ಅದು ಹಸಿರಾಗೇ ಬರುತ್ತೆ. ‘ಇದೇನು, ಕ್ಯಾಪ್ಟನ್ ಅಂಗಿ ಹಸಿರಾ?’ ಅಂತ ಕೇಳುವ ಪ್ರತಿಯೊಬ್ಬರಿಗೂ ಇತಿಹಾಸ ಹೇಳುತ್ತಾ ನಿಲ್ಲಬೇಕು. ಚಿನ್ನದ್ದು ತಂದರೆ ಪ್ರೇಕ್ಷಕರ ನೆನಪಿಗೆ ನಿಷ್ಠೆ, ಥೀಸ್ ಆರಿಸಿದ ಬಟ್ಟೆಗಲ್ಲ.

ಇದಕ್ಕೊಂದು ಪರಿಹಾರ ನಮ್ಮ ಅಮ್ಮಂದಿರಿಗೆ ಯಾವಾಗಲೋ ಗೊತ್ತಿತ್ತು. ಸೀರೆ ಅಂಗಡಿಯ ಟ್ಯೂಬ್‌ಲೈಟ್ ನಂಬದೆ, ಸೀರೆಯನ್ನು ಬಾಗಿಲ ಹತ್ತಿರ ತಂದು ಬಿಸಿಲಿಗೆ ಹಿಡಿದು ನೋಡುತ್ತಿದ್ದರಲ್ಲ, ಅದೇ. ದೀಪ ಬದಲಾದರೆ ಬಣ್ಣ ಬದಲಾಗುತ್ತೆ. ಎರಡು ಬಟ್ಟೆ ಒಂದು ಬೆಳಕಲ್ಲಿ ಒಂದೇ ಥರ ಕಂಡು, ಇನ್ನೊಂದು ಬೆಳಕಲ್ಲಿ ಬೇರೆ ಬೇರೆ ಕಾಣಬಹುದು. ನಿಮ್ಮ ಉಡುಪು ಎಲ್ಲಿ ಕಾಣಬೇಕು, ಸಭಾಂಗಣದ ಎಲ್‌ಇಡಿ ಕೆಳಗೋ, ಹೊರಗಿನ ಬಿಸಿಲಲ್ಲೋ ಅಂತ ಮೊದಲು ಯೋಚಿಸಿ, ಅದೇ ಬೆಳಕಲ್ಲಿ ತುಂಡನ್ನು ನೋಡಿ, ಫೋನಲ್ಲಿ ಫೋಟೊ ತೆಗೆದು ಹೋಲಿಸಿ. ಆಮೇಲೆ ಮೀಟರ್ ಲೆಕ್ಕ.

ಅದೇ ಸರಣಿ ಇನ್ನೊಂದು ಪಾಠ ಹೇಳುತ್ತೆ. ಮೊದಲ ಎರಡು ಸೀಸನ್ನಿನ ಅಂಗಿಗಳು ವೆಲೂರ್‌ನವು. ನೋಡಲು ಮಕಮಲ್ಲಿನ ಹಾಗೆ, ಆದರೆ ನೇಯ್ದದ್ದಲ್ಲ, ಹೆಣೆದದ್ದು. ತೊಳೆದ ಹಾಗೆಲ್ಲ ಅವು ಕುಗ್ಗುತ್ತಿದ್ದವು. ಮೂರನೇ ಸೀಸನ್ನಿಗೆ ಬಟ್ಟೆಯನ್ನೇ ಬದಲಿಸಿ ಡಬಲ್ ನಿಟ್ ತಂದರು. ಅಂದರೆ ‘ಕರ್ಕ್ ಅಂಗಿ’ ಅಂತ ಒಂದೇ ಒಂದು ವಸ್ತು ಇಲ್ಲವೇ ಇಲ್ಲ. ಯಾವ ಸೀಸನ್, ಯಾವ ಕಂತು ಅಂತ ಹೇಳದಿದ್ದರೆ ಬಟ್ಟೆ ಹುಡುಕೋದು ವ್ಯರ್ಥ. ಇನ್ನು ಕುಗ್ಗುವ ಬಟ್ಟೆಗೆ ಮದ್ದು ನಿಮ್ಮ ಬೀದಿ ಟೈಲರ್ ಬಾಯಲ್ಲೇ ಇದೆ: ‘ನೆನೆಸಿ, ಒಣಗಿಸಿ ತಂದುಕೊಡಿ ಸಾರ್.’

ಪ್ಯಾಂಟ್ ಬಿಚ್ಚಿ ಸೂಟ್ ಹೊಲಿದವರು

ಬ್ರಿಟನ್ನಿನ ‘ಡಾಕ್ಟರ್ ಹೂ’ ಸರಣಿಯಲ್ಲಿ ಹತ್ತನೇ ಡಾಕ್ಟರ್ ಆಗಿ ಡೇವಿಡ್ ಟೆನಂಟ್ ತೊಟ್ಟ ಕಂದು ಗೆರೆಯ ಸೂಟ್ ನೆನಪಿದೆಯಾ? ವಿನ್ಯಾಸಕಿ ಲೂಯಿಸ್ ಪೇಜ್ ತಂಡ ಆ ಬಟ್ಟೆಯನ್ನು ಕೊಂಡಿದ್ದು ಥಾನಿನ ರೂಪದಲ್ಲಲ್ಲ, ಗ್ಯಾಪ್ ಬ್ರ್ಯಾಂಡಿನ ರೆಡಿಮೇಡ್ ಪ್ಯಾಂಟುಗಳ ರೂಪದಲ್ಲಿ. ಪ್ಯಾಂಟಿನ ಹೊಲಿಗೆ ಬಿಚ್ಚಿ, ಆ ತುಂಡುಗಳಿಂದಲೇ ಸೂಟ್ ಕತ್ತರಿಸಿದರು.

ಅಭಿಮಾನಿಗಳಿಗೆ ಇದು ವರವೂ ಹೌದು, ಶಾಪವೂ ಹೌದು. ಬಟ್ಟೆಯ ಮೂಲ ಪಕ್ಕಾ ಗೊತ್ತಾಯಿತು. ಆದರೆ ಅಂಗಡಿಯ ಬಟ್ಟೆ ಒಂದು ಸೀಸನ್ನಿಗೆ ಬಂದು ಹೋಗುವಂಥದ್ದು. ಆ ಪ್ಯಾಂಟ್ ಈಗ ಬೇಕಿದ್ದರೆ ಹಳೆಯ ಬಟ್ಟೆ ಮಾರುವವರ ಹತ್ತಿರ ಹುಡುಕಬೇಕು. ಒಂದು ಪ್ಯಾಂಟ್ ಸಿಕ್ಕರೂ ಸಾಲದು, ಒಂದು ಸೂಟಿಗೆ ಹಲವು ಬೇಕು. ಅವೆಲ್ಲ ಒಂದೇ ಮಟ್ಟಿಗೆ ಮಾಸಿರಬೇಕು.

ಹೊಸದಾಗಿ ನೇಯಿಸೋಣ ಅಂದರೆ ಮಿಲ್‌ನವರು ಐದು ಮೀಟರಿಗೆಲ್ಲ ಮಗ್ಗ ಕಟ್ಟಲ್ಲ. ಅದಕ್ಕೇ ಒಂದೇ ಉಡುಪಿನ ಹುಚ್ಚಿರುವವರು ಸೇರಿ, ಹಣ ಕೂಡಿಸಿ, ಒಟ್ಟಿಗೆ ಆರ್ಡರ್ ಕೊಡೋದು. ಆದರೆ ಇಲ್ಲಿ ಒಬ್ಬರು ಲೆಕ್ಕ ಇಡಬೇಕು, ಎಲ್ಲರೂ ಮೊದಲು ಸ್ಯಾಂಪಲ್ ನೋಡಿ ಒಪ್ಪಬೇಕು. ಥಾನು ಬಂದ ಮೇಲೆ ‘ಬಣ್ಣ ಸ್ವಲ್ಪ ಡಾರ್ಕ್ ಆಯ್ತಲ್ಲ’ ಅಂದರೆ ಸ್ನೇಹವೇ ಹರಿಯುತ್ತೆ.

ಉಳಿಸದೆ ಹೆಣೆದ ಸ್ಕಾರ್ಫ್

ಅದೇ ಸರಣಿಯ ನಾಲ್ಕನೇ ಡಾಕ್ಟರ್ ಟಾಮ್ ಬೇಕರ್. 1974ರಲ್ಲಿ ಆತನ ಕುತ್ತಿಗೆಗೆ ಬಂದ ಉದ್ದದ ಸ್ಕಾರ್ಫ್ ಲೋಕಪ್ರಸಿದ್ಧ. ವಿನ್ಯಾಸಕ ಜೇಮ್ಸ್ ಆಚೆಸನ್, ಬೆಗೋನಿಯಾ ಪೋಪ್ ಅನ್ನುವವರಿಗೆ ಬಣ್ಣಬಣ್ಣದ ಉಣ್ಣೆ ನೂಲು ಕೊಟ್ಟು ಹೆಣೆದುಕೊಡಿ ಅಂದರು. ಆಕೆ ಕೊಟ್ಟ ನೂಲನ್ನೆಲ್ಲ ಹೆಣೆದುಬಿಟ್ಟರು. ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಉದ್ದ ಬಂತು. ಅದನ್ನೇ ಇಟ್ಟುಕೊಂಡರು. ಆಚೆಸನ್ ಮುಂದೆ ಮೂರು ಆಸ್ಕರ್ ಗೆದ್ದರು, ಆದರೆ ಅಭಿಮಾನಿಗಳು ಇವತ್ತಿಗೂ ಹೆಣೆಯುವುದು ಆ ಸ್ಕಾರ್ಫನ್ನೇ.

ಅದನ್ನು ತದ್ರೂಪ ಮಾಡುವವರಿಗೆ ನೂಲೇ ಪರೀಕ್ಷೆ. ಅಕ್ರಿಲಿಕ್ ನೂಲಲ್ಲಿ ಹೆಣೆದರೆ ಪಟ್ಟಿಗಳ ಬಣ್ಣ ಸರಿಬಂದರೂ ಉಣ್ಣೆಯ ಭಾರ, ಉಣ್ಣೆ ಜೋಲುವ ರೀತಿ ಬರಲ್ಲ. ಇಷ್ಟುದ್ದದ ಹೆಣಿಗೆ ತನ್ನ ಭಾರಕ್ಕೆ ತಾನೇ ಇನ್ನಷ್ಟು ಎಳೆಯುತ್ತೆ. ಜೊತೆಗೆ ನೂಲಿನ ಪ್ರತಿ ಉಂಡೆಯ ಚೀಟಿಯಲ್ಲಿ ಬಣ್ಣದ ಲಾಟ್ ಸಂಖ್ಯೆ ಇರುತ್ತೆ. ಒಂದೇ ಬಣ್ಣದ ಹೆಸರು, ಬೇರೆ ಲಾಟ್ ಅಂದರೆ ಪಟ್ಟಿಯ ಮಧ್ಯೆ ಗೆರೆ ಎಳೆದ ಹಾಗೆ ವ್ಯತ್ಯಾಸ ಕಾಣುತ್ತೆ. ಬೇಕಾದಷ್ಟನ್ನೂ ಒಂದೇ ಸಲ, ಒಂದೇ ಲಾಟಿನಲ್ಲಿ ಕೊಳ್ಳೋದು ಜಾಣತನ.

ಚಿಕ್ಕಪೇಟೆಗೆ ಹೋಗುವ ಮೊದಲು

ನಮ್ಮೂರಲ್ಲಿ ಇದೆಲ್ಲ ಸಿಗುತ್ತಾ ಅಂತೀರಾ? ಅದೇ ಥಾನು ಸಿಗದಿದ್ದರೂ ಅದರ ಗುಣ ಸಿಗುತ್ತೆ. ಆದರೆ ಅಂಗಡಿಗೆ ಹೋಗಿ ‘ಜೆಡೈ ಬಟ್ಟೆ ಕೊಡಿ’ ಅಂದರೆ ಅವರೇನು ಮಾಡಬೇಕು? ನಾಲ್ಕು ಪ್ರಶ್ನೆಗೆ ಉತ್ತರ ಬರೆದುಕೊಂಡು ಹೋಗಿ.

ಒಂದು, ನಾರು ಯಾವುದು? ಹತ್ತಿಯೋ, ಉಣ್ಣೆಯೋ, ರೇಷ್ಮೆಯೋ, ಪಾಲಿಯೆಸ್ಟರೋ? ಅನುಮಾನ ಬಂದರೆ ಅಂಚಿನಿಂದ ನಾಲ್ಕೈದು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿ ತಾಗಿಸಿ. ಹತ್ತಿ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತೆ. ಉಣ್ಣೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತವೆ, ಸುಟ್ಟಿದ್ದು ಬೆರಳಲ್ಲಿ ಪುಡಿಯಾಗುತ್ತೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತೆ. ರೇಷ್ಮೆಗಾದರೆ ಸಿಲ್ಕ್ ಮಾರ್ಕ್ ಚೀಟಿ ನೋಡಿ. ಟ್ರಾಫಿಕ್ಕಿನಲ್ಲಿ ನಾವು ದಿನಾ ಬೈಯುವ ‘ಸಿಲ್ಕ್ ಬೋರ್ಡ್’ ಇದೆಯಲ್ಲ, ಆ ಜಂಕ್ಷನ್ನಿಗೆ ಹೆಸರು ಕೊಟ್ಟ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದ್ದೇ ಆ ಗುರುತು.

ಎರಡು, ನೇಯ್ದದ್ದೋ, ಹೆಣೆದದ್ದೋ? ಟೀಶರ್ಟಿನ ಹಾಗೆ ಎಳೆದರೆ ಹಿಗ್ಗುವುದು ಹೆಚ್ಚಾಗಿ ಹೆಣೆದದ್ದು. ನೇಯ್ದದ್ದಾದರೆ ಜೀನ್ಸಿನ ಹಾಗೆ ಓರೆ ಗೆರೆ ಇದೆಯೇ ಅಂತ ಫೋಟೊ ಹಿಗ್ಗಿಸಿ ನೋಡಿ. ಮಕಮಲ್ಲಿನಂಥ ರೋಮದ ಬಟ್ಟೆಯಾದರೆ ಎಲ್ಲ ತುಂಡುಗಳನ್ನೂ ರೋಮ ಒಂದೇ ದಿಕ್ಕಿಗೆ ಬರುವಂತೆ ಕತ್ತರಿಸಲು ಟೈಲರಿಗೆ ಹೇಳಿ. ಇಲ್ಲದಿದ್ದರೆ ಒಂದು ತೋಳು ಕಪ್ಪಗೆ, ಇನ್ನೊಂದು ತಿಳಿಯಾಗಿ ಕಾಣುತ್ತೆ.

ಮೂರು, ತೂಕ ಎಷ್ಟು? ಬಟ್ಟೆ ಹೇಗೆ ಬೀಳುತ್ತೆ ಅನ್ನೋದರಲ್ಲಿ ಅರ್ಧ ಗುಟ್ಟು ಇರೋದು ಇದರಲ್ಲೇ. ಒಂದು ಮೀಟರ್ ಬಟ್ಟೆಯನ್ನು ಅಡುಗೆಮನೆ ತಕ್ಕಡಿಯಲ್ಲಿಟ್ಟು, ಬಂದ ಗ್ರಾಮನ್ನು ಮೀಟರಿನಲ್ಲಿ ಅಳೆದ ಅಗಲದಿಂದ ಭಾಗಿಸಿ. ಒಂದೂವರೆ ಮೀಟರ್ ಅಗಲದ್ದು 600 ಗ್ರಾಂ ತೂಗಿದರೆ ಅದು 400 ಜಿಎಸ್‌ಎಂ, ಅಂದರೆ ದಪ್ಪ ಜೀನ್ಸಿನಷ್ಟು. ಟೀಶರ್ಟ್ ಬಟ್ಟೆ ಇದರ ಅರ್ಧಕ್ಕಿಂತ ಕಡಿಮೆ.

ನಾಲ್ಕು, ಅಗಲ ಎಷ್ಟು? 44 ಇಂಚಿನ ಬಟ್ಟೆಯಲ್ಲಿ ಘೇರು ನಿಲುವಂಗಿ ಹೊಲಿದರೆ ಮಧ್ಯೆ ಜೋಡಣೆ ಬರುತ್ತೆ, 58 ಇಂಚಿನದ್ದರಲ್ಲಿ ತಪ್ಪಿಸಬಹುದು. ಇನ್ನೊಂದು ಮಾತು: ಪ್ಯಾಂಟ್-ಶರ್ಟ್ ಬಟ್ಟೆಯ ಅಂಗಡಿಗಷ್ಟೇ ಹೋಗಬೇಡಿ. ಪರದೆ, ಸೋಫಾ ಬಟ್ಟೆ ಮಾರುವಲ್ಲಿ, ಕಟ್ ಪೀಸ್ ರಾಶಿಯಲ್ಲಿ ಎಷ್ಟೋ ಗ್ರಹಗಳ ಬಟ್ಟೆ ಅಡಗಿದೆ.

ಈ ಬಟ್ಟೆ ಯಾರದ್ದು?

ಕೆಲವು ಬಟ್ಟೆಗಳಿಗೆ ನಾರು, ತೂಕಕ್ಕಿಂತ ದೊಡ್ಡ ಗುಣ ಇರುತ್ತೆ. 2018ರ ‘ಬ್ಲ್ಯಾಕ್ ಪ್ಯಾಂಥರ್’ನಲ್ಲಿ ಗಡಿ ಕಾಯುವ ಪಂಗಡದವರು ಹೊದ್ದ ಕಂಬಳಿಗಳು ಕಲ್ಪನೆಯಲ್ಲ. ಆಫ್ರಿಕಾದ ಲೆಸೊಥೊ ದೇಶದ ಬಸೊಥೊ ಜನರ ಉಣ್ಣೆಯ ಕಂಬಳಿಗಳು ಅವು. ಈ ಸಿನಿಮಾಕ್ಕೆ ಆಸ್ಕರ್ ಪಡೆದ ರೂತ್ ಕಾರ್ಟರ್ ಅವುಗಳ ಮೇಲೆ ಕಥಾಲೋಕದ ಗುರುತುಗಳನ್ನು ಅಚ್ಚು ಹಾಕಿಸಿದರು. 19ನೇ ಶತಮಾನದಲ್ಲಿ ಹೊರಗಿನ ವ್ಯಾಪಾರಿಗಳಿಂದ ಬಂದ ಈ ಕಂಬಳಿ ರಾಜ ಮೊಶೋಶೋ ಕಾಲದಿಂದ ಅವರದ್ದೇ ಆಗಿ, ಇವತ್ತು ಮದುವೆಯಂಥ ಶುಭಕಾರ್ಯಕ್ಕೆ ಬೇಕೇ ಬೇಕು. ಹೊರಗಿನಿಂದ ಬಂದದ್ದೂ ಬಾಳಿನಲ್ಲಿ ಬೆರೆತು ಅಸಲಿ ಆಗುತ್ತೆ ಅಂತಾಯಿತು. ಅಂಥದರ ಅಚ್ಚನ್ನು ಅಗ್ಗದ ಫ್ಲೀಸ್ ಮೇಲೆ ಪ್ರಿಂಟ್ ಹೊಡೆಸಿ ಹೊದ್ದರೆ ವೇಷವೇನೋ ಆಗುತ್ತೆ, ಆದರೆ ಹಣ ಯಾರ ಕೈಗೂ ತಲುಪಬೇಕಾದ ಕಡೆ ತಲುಪಲ್ಲ.

ಈ ಮಾತು ನಮ್ಮಲ್ಲೂ ಸಲ್ಲುತ್ತೆ. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ ಮರುಭೂಮಿಯ ಅಲೆಮಾರಿ ಪಾತ್ರಕ್ಕೆ ಹೇಳಿ ಮಾಡಿಸಿದಂತಿದೆ. ಚುಚ್ಚುತ್ತೆ, ಒಳಗೆ ಹತ್ತಿಯ ಲೈನಿಂಗ್ ಕೊಡಿಸಿ. ಆದರೆ ಅದೇ ಕಂಬಳಿಯನ್ನು ಹಾಸಿ ಗದ್ದುಗೆ ಮಾಡಿ ಪೂಜಿಸುವ ಮನೆಗಳಿವೆ. ನೇಯುವವರಿಂದಲೇ ಹೊಸದನ್ನು ಕೊಳ್ಳಿ, ಕತ್ತರಿ ಹಾಕ್ತೀನಿ ಅಂತ ಮೊದಲೇ ಹೇಳಿ. ಯಾವ ಅಳತೆಗೆ, ಎಷ್ಟು ಬಿಗಿಯಾಗಿ ನೇಯಬೇಕು ಅಂತ ಅವರೇ ಸಲಹೆ ಕೊಟ್ಟಾರು.

ಕೊನೆಗೊಂದು ಸಣ್ಣ ಕೆಲಸ. ಉಡುಪು ಮುಗಿದ ಮೇಲೆ ಉಳಿದ ಬಟ್ಟೆಯಲ್ಲಿ ಅಂಗೈಯಗಲದ ತುಂಡೊಂದನ್ನು ನೋಟ್‌ಬುಕ್ಕಿಗೆ ಪಿನ್ ಮಾಡಿ. ಪಕ್ಕದಲ್ಲಿ ನಾರು, ತೂಕ, ಅಗಲ, ಲಾಟ್, ಅಂಗಡಿ, ತಾರೀಖು, ಬೆಲೆ ಬರೆದಿಡಿ. ತೋಳು ಹರಿದು ತೇಪೆ ಹಾಕಬೇಕಾದಾಗ ಮೊದಲು ನೆರವಿಗೆ ಬರೋದು ಆ ಪುಟವೇ. ಇನ್ಯಾರೋ ಅದೇ ಉಡುಪಿನ ಬೆನ್ನು ಹತ್ತಿ ನಿಮ್ಮನ್ನು ಕೇಳಿದಾಗಲೂ ಕೊಡೋಕೆ ನಿಮ್ಮ ಹತ್ತಿರ ಏನಾದರೂ ಇರುತ್ತೆ.