ನಿಮಗಿದು ಗೊತ್ತೆ? ಉಪ್ಪುನೀರ ತೊಟ್ಟಿಯಲ್ಲಿ ಮೊದಲು ಕಲ್ಲು, ಆಮೇಲೆ ಮರಳು

ಮೈಸೂರಿನ ಕೃಷ್ಣಮೂರ್ತಿಪುರಂನಿಂದ ಸಮುದ್ರ ಬಹಳ ದೂರ. ಆದರೂ ಮನೆಯ ಹಜಾರದಲ್ಲಿ ಪುಟ್ಟ ಕಡಲೊಂದನ್ನು ಸಾಕಬಹುದು. ಲೀಟರ್ ನೀರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪಿನ ಮಿಶ್ರಣ ಹಾಕಿದರಾಯಿತು. ಅಡುಗೆಯ ಉಪ್ಪು ಆಗದು. ಕಷ್ಟವಿರುವುದು ಕಲ್ಲು ಜೋಡಿಸುವುದರಲ್ಲಿ.

ಹೊಸಬರು ಮರಳು ಹರಡಿ, ಅದರ ಮೇಲೆ ಕಲ್ಲು ಪೇರಿಸುತ್ತಾರೆ. ಆದರೆ ಗೋಬಿ ಮೀನು, ಪಿಸ್ತೂಲ್ ಸಿಗಡಿಗಳಿಗೆ ಬಿಲ ತೋಡುವುದೇ ಕೆಲಸ. ಅಡಿಯ ಮರಳು ಸರಿದರೆ ರಾಶಿ ಕುಸಿದು ಗಾಜು ಒಡೆಯಬಹುದು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿಯಲ್ಲಿ ಸುಮಾರು 190 ಲೀಟರ್ ನೀರು! ಕೆಳಮನೆಯವರ ಚಾವಣಿಯ ಗತಿ ಊಹಿಸಿ. ಹಾಗಾಗಿ ದೊಡ್ಡ, ಚಪ್ಪಟೆ ಕಲ್ಲುಗಳನ್ನು ನೇರ ತಳದ ಮೇಲೇ ಕೂರಿಸಿ, ಸುತ್ತ ಮರಳು ಸುರಿಯಬೇಕು. ಪ್ರತಿ ಕಲ್ಲಿಗೂ ಮೂರು ಕಡೆ ಆಧಾರ ಸಿಕ್ಕರೆ ಅಲುಗದು. ಸಂದೇಹವಿದ್ದಲ್ಲಿ ಅಕ್ವೇರಿಯಂಗೆಂದೇ ಸಿಗುವ ಎಪಾಕ್ಸಿ ಅಂಟು ಬಳಸಿ. ಗೋಡೆ ಕಟ್ಟಿದಂತೆ ಒತ್ತಾಗಿ ಪೇರಿಸಬೇಡಿ. ಸಂದುಗಳಲ್ಲಿ ನೀರು ಹರಿದಾಡಬೇಕು. ಗಾಜಿಗೂ ಕಲ್ಲಿಗೂ ನಡುವೆ ಪಾಚಿ ಉಜ್ಜಲು ಕೈ ತೂರುವಷ್ಟು ಜಾಗ ಬಿಡಿ.

ಕಲ್ಲು ಬರೀ ಅಲಂಕಾರವಲ್ಲ. ಅದರ ರಂಧ್ರಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಾ ಮೀನಿನ ಹೊಲಸಿನ ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಆಗಿ ಬದಲಿಸುತ್ತವೆ. ಗಟ್ಟಿ ಗ್ರಾನೈಟಿನಲ್ಲಿ ಅವಕ್ಕೆ ಅಷ್ಟು ಮನೆಗಳಿಲ್ಲ; ತೂತುಗಳಿರುವ ಸುಣ್ಣದ ಕಲ್ಲೇ ವಾಸಿ.

ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಹವಳಗಳಿವೆ. ಆಸೆಪಟ್ಟು ಒಂದು ತುಂಡು ತಂದೀರಿ, ಜೋಕೆ! ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮನೆಯ ತೊಟ್ಟಿಗೆ ಕೃತಕವಾಗಿ ತಯಾರಿಸಿದ ಕಲ್ಲು ಸಾಕು.