ಹೊಳಪು ಹೆಚ್ಚಿದ್ದರೆ ಮರದ ನೆಲ ಹೆಚ್ಚು ಬಾಳುತ್ತದೆಯೇ?

ಮನೆಗೆ ಮರದ ನೆಲ ಹಾಕಿಸುವವರಿಗೆ ಕೊನೆಯಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ: ಪಾಲಿಶ್ ಮ್ಯಾಟ್ ಇರಲೋ, ಸ್ಯಾಟಿನ್ ಇರಲೋ, ಗ್ಲಾಸಿ ಇರಲೋ? ಆಗ ಎರಡು ಮಾತು ಕೇಳಿಬರುತ್ತವೆ. ‘ಹೊಳಪು ಜಾಸ್ತಿ ಇದ್ದಷ್ಟೂ ಪಾಲಿಶ್ ಗಟ್ಟಿ’ ಎನ್ನುವುದು ಒಂದು. ‘ಗ್ಲಾಸಿ ಜಾರುತ್ತದೆ, ಮ್ಯಾಟ್ ಜಾರುವುದಿಲ್ಲ’ ಎನ್ನುವುದು ಇನ್ನೊಂದು. ಮೊದಲನೆಯದನ್ನು ನಂಬಿದರೆ ದುಡ್ಡು ದಂಡವಾಗಬಹುದು. ಎರಡನೆಯದನ್ನು ನಂಬಿ ಮೈಮರೆತರೆ ಮನೆಯ ಹಿರಿಯರು ಬೀಳಬಹುದು. ಇವುಗಳಲ್ಲಿ ಎಷ್ಟು ನಿಜವಿದೆ, ನೋಡೋಣ.

ಹೊಳಪು ಎಂದರೇನು?

ಬೆಳಕು ಕನ್ನಡಿಯ ಮೇಲೆ ಬಿದ್ದಂತೆ ಒಂದೇ ದಿಕ್ಕಿಗೆ ಪುಟಿದರೆ ನೆಲ ಹೊಳೆಯುತ್ತದೆ, ಚದುರಿದರೆ ಮಂಕಾಗಿ ಕಾಣುತ್ತದೆ. ಇದನ್ನು ಗ್ಲಾಸ್‌ಮೀಟರ್ ಎಂಬ ಉಪಕರಣದಿಂದ, ಸಾಮಾನ್ಯವಾಗಿ 60 ಡಿಗ್ರಿ ಕೋನದಲ್ಲಿ ಅಳೆಯುತ್ತಾರೆ. ನುಣುಪಾದ ಕಪ್ಪು ಗಾಜಿನ ಹೊಳಪನ್ನು 100 ಎಂದು ಇಟ್ಟುಕೊಂಡರೆ, ಸ್ಯಾಟಿನ್ ಸುಮಾರು 25ರಿಂದ 40, ಗ್ಲಾಸಿ 70ಕ್ಕಿಂತ ಮೇಲೆ. ಮ್ಯಾಟ್ ಸ್ಯಾಟಿನ್‌ಗಿಂತ ಕೆಳಗೆ, ಸೆಮಿ ಗ್ಲಾಸಿ ನಡುವೆ ಬರುತ್ತವೆ. ಈ ಗಡಿಗಳು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗುತ್ತವೆ.

ಹೊಳಪು ತಗ್ಗಿಸಲು ಪಾಲಿಶ್‌ಗೆ ಸಿಲಿಕಾದ ಅತಿ ಸಣ್ಣ ಕಣಗಳನ್ನು ಬೆರೆಸುತ್ತಾರೆ. ಪಾಲಿಶ್ ಒಣಗುವಾಗ ಇವು ಮೇಲ್ಮೈಯನ್ನು ಕಣ್ಣಿಗೆ ಕಾಣದಷ್ಟು ಒರಟಾಗಿಸಿ ಬೆಳಕನ್ನು ಚದುರಿಸುತ್ತವೆ. ಈ ಕಣಗಳು ಡಬ್ಬದ ತಳದಲ್ಲಿ ಕೂರುತ್ತವೆ. ಚೆನ್ನಾಗಿ ಕಲಕದೆ ಹಚ್ಚಿದರೆ ಒಂದು ಕಡೆ ಹೊಳಪು, ಇನ್ನೊಂದು ಕಡೆ ಮಂಕು ಬರುತ್ತದೆ.

ಹೊಳಪೇ ಗಟ್ಟಿತನವೇ?

ಅಲ್ಲ. ಬಾಳಿಕೆ ನಿಂತಿರುವುದು ಪಾಲಿಶ್ ಯಾವ ಬಗೆಯದು, ಎಷ್ಟು ಕೋಟ್ ಹಚ್ಚಿದ್ದಾರೆ, ಪೂರ್ತಿ ಗಟ್ಟಿಯಾಗಲು ಸಮಯ ಕೊಟ್ಟಿದ್ದಾರೆಯೇ ಎಂಬುದರ ಮೇಲೆ. ಇನ್ನು ಗೀರು ಎದ್ದು ಕಾಣುವುದು ಗ್ಲಾಸಿಯಲ್ಲೇ ಹೆಚ್ಚು. ಕನ್ನಡಿಯಂಥ ಮೈಯಲ್ಲಿ ಸಣ್ಣ ಗೀರು, ಧೂಳು, ಹೆಜ್ಜೆ ಗುರುತು ಏನೂ ಅಡಗುವುದಿಲ್ಲ. ಮ್ಯಾಟ್‌ನಲ್ಲೂ ಗೀರು ಬೀಳುತ್ತದೆ, ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಆದರೆ ಹೆಚ್ಚು ಓಡಾಡುವ ಜಾಗದಲ್ಲಿ ಮ್ಯಾಟ್ ಸವೆದು ನಿಧಾನಕ್ಕೆ ಹೊಳೆಯತೊಡಗುತ್ತದೆ.

ಗ್ಲಾಸಿ ಮಾತ್ರ ಜಾರುತ್ತದೆಯೇ?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಅಂಗಣಗಳನ್ನು ಟಿವಿಯಲ್ಲಿ ನೋಡಿದ್ದೀರಲ್ಲ. ಮೇಪಲ್ ಮರದ ಆ ನೆಲ ದೀಪಗಳೇ ಪ್ರತಿಫಲಿಸುವಷ್ಟು ಹೊಳೆಯುತ್ತದೆ. ಆದರೂ ಆಟಗಾರರು ಓಡಿ ಬಂದು ಥಟ್ಟನೆ ನಿಲ್ಲುತ್ತಾರೆ. ಅವರ ಬೂಟಿನ ರಬ್ಬರ್ ಹಿಡಿತ ಕೊಡುತ್ತದೆ. ಅದೇ ನೆಲದ ಮೇಲೆ ಬೆವರು ಚೆಲ್ಲಿದರೆ ಕೂಡಲೇ ಒರೆಸಬೇಕಾಗುತ್ತದೆ. ಜಾರಿಕೆಗೆ ಮುಖ್ಯ ಕಾರಣ ನೀರು, ಎಣ್ಣೆ, ಧೂಳು ಮತ್ತು ಕಾಲಿನಲ್ಲಿ ಏನಿದೆ ಎಂಬುದು. ಹೊಳಪು ನೋಡಿ ಹಿಡಿತ ಅಳೆಯಲಾಗದು.

ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋಗುವ ಹಿರಿಯರು ಚಳಿಗೆಂದು ಸಾಕ್ಸ್ ಹಾಕಿಕೊಂಡೇ ಮರದ ನೆಲದ ಮೇಲೆ ಓಡಾಡುತ್ತಾರೆ. ಬಟ್ಟೆಯ ಸಾಕ್ಸ್ ಮ್ಯಾಟ್ ನೆಲದ ಮೇಲೂ ಜಾರುತ್ತದೆ. ಅಡಿಯಲ್ಲಿ ರಬ್ಬರ್ ಚುಕ್ಕೆಗಳಿರುವ ಸಾಕ್ಸ್ ಅಥವಾ ಮನೆಯೊಳಗಿನ ಚಪ್ಪಲಿ ಕೊಡಿಸಿ.

ಹಿರಿಯರಿರುವ ಮನೆಯಲ್ಲಿ ಗ್ಲಾಸಿಯಿಂದ ಬೇರೊಂದು ತೊಂದರೆ ಇದೆ. ಕಿಟಕಿಯ ಬೆಳಕು ನೆಲಕ್ಕೆ ಬಡಿದು ಕಣ್ಣು ಕುಕ್ಕುತ್ತದೆ. ಕಣ್ಣಿನಲ್ಲಿ ಪೊರೆ ಇದ್ದವರಿಗೆ ಈ ಪ್ರಖರತೆಯಲ್ಲಿ ಮೆಟ್ಟಿಲಿನ ಅಂಚು, ಚೆಲ್ಲಿದ ನೀರು ಕಾಣದೇ ಹೋಗಬಹುದು.

ಎಣ್ಣೆ ಒರೆಸಬಹುದೇ?

ಹೊಳಪು ಕಳೆದುಕೊಂಡ ನೆಲಕ್ಕೆ ಕೊಬ್ಬರಿ ಎಣ್ಣೆ ಒರೆಸಿ ಎಂಬ ಸಲಹೆ ಬಂದರೆ ಪಾಲಿಸಬೇಡಿ. ಪಿಯು ಪಾಲಿಶ್ ಇರುವ ನೆಲ ಎಣ್ಣೆ ಕುಡಿಯುವುದಿಲ್ಲ. ಅದು ಮೇಲೆಯೇ ನಿಂತು ನೆಲ ಜಾರುವಂತೆ ಮಾಡುತ್ತದೆ. ಮುಂದೆ ಹೊಸ ಕೋಟ್ ಹಚ್ಚಿದರೆ ಸರಿಯಾಗಿ ಕಚ್ಚುವುದೂ ಇಲ್ಲ.

ಹಾಗಾದರೆ ಯಾವುದು ಒಳ್ಳೆಯದು?

ಮಕ್ಕಳು, ಹಿರಿಯರು, ನಾಯಿ ಇರುವ ಮನೆಗೆ ಅಥವಾ ದೊಡ್ಡ ಕಿಟಕಿಯ ಕೋಣೆಗೆ ಸ್ಯಾಟಿನ್ ಇಲ್ಲವೇ ಮ್ಯಾಟ್ ಅನುಕೂಲ. ಓಡಾಟ ಕಡಿಮೆಯಿದ್ದು, ದಿನವೂ ಧೂಳು ಒರೆಸುವುದಾದರೆ ಗ್ಲಾಸಿ ಚೆಂದ. ನಿರ್ಧರಿಸುವ ಮುನ್ನ ಅದೇ ಮರದ ತುಂಡಿಗೆ ಎರಡು ಬಗೆ ಹಚ್ಚಿಸಿ, ಹಗಲಿನಲ್ಲಿ ಕಿಟಕಿಗೆ ಮುಖ ಮಾಡಿ ನೋಡಿ.

ಮೊದಲು ನಿಮ್ಮದು ನಿಜವಾದ ಮರವೇ ಎಂದು ಕೇಳಿಕೊಳ್ಳಿ. ಲ್ಯಾಮಿನೇಟ್ ಆಗಿದ್ದರೆ ಅದರ ಹೊಳಪು ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತದೆ, ಉಜ್ಜಿ ಪಾಲಿಶ್ ಮಾಡಿಸಲು ಬರುವುದಿಲ್ಲ. ನಿಜವಾದ ಮರವಾದರೆ ಹೊಳಪು ಇಷ್ಟವಾಗಲಿಲ್ಲವೆಂದು ಕೊರಗಬೇಕಿಲ್ಲ. ಕಣ್ಣಿಗೆ ಕಾಣುವುದು ಮುಖ್ಯವಾಗಿ ಮೇಲಿನ ಕೋಟ್‌ನ ಹೊಳಪು. ಹಳೆಯ ಪಾಲಿಶ್ ಗಟ್ಟಿಯಾಗಿದ್ದರೆ ಮೇಲ್ಮೈಯನ್ನು ಹಗುರವಾಗಿ ಉಜ್ಜಿ, ಬೇರೆ ಹೊಳಪಿನ ಒಂದು ಕೋಟ್ ಹಚ್ಚಿಸಿದರೆ ಸಾಕು.