ಬದಲಾವಣೆಗೊಂದು ತಾಲೀಮು

ನೆಲದ ಮೇಲಿರುವ ಭಾರವಾದ ಪೆಟ್ಟಿಗೆಯನ್ನು ಕದಲಿಸಲು ಬೇಕಾಗುವ ಬಲ, ಕದಲಿದ ಮೇಲೆ ಸರಿಸಲು ಬೇಕಾಗುವ ಬಲಕ್ಕಿಂತ ಹೆಚ್ಚು. ನಿಶ್ಚಲ ಸ್ಥಿತಿಯ ಘರ್ಷಣೆಯೇ ಇದಕ್ಕೆ ಕಾರಣ. ಮನುಷ್ಯನ ರೂಢಿಯ ಸ್ವಭಾವವೂ ಇಂಥದೇ. ಕೈಮಗ್ಗದಿಂದ ವಿದ್ಯುತ್ ಮಗ್ಗಕ್ಕೆ ಸಾಗಿಬಂದ ಬನಹಟ್ಟಿಯಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಮಗ್ಗದಲ್ಲಿ ಕೈತಪ್ಪಿದರೆ ಎಳೆ ಹರಿದೀತು. ಆಸ್ಪತ್ರೆಯಲ್ಲಿ ತಪ್ಪಿದರೆ ಜೀವಕ್ಕೇ ಅಪಾಯ. ಹಾಗಾದರೆ ವೈದ್ಯರೂ ದಾದಿಯರೂ ಹೊಸ ಕ್ರಮವನ್ನು ಎಲ್ಲಿ ಅಭ್ಯಾಸ ಮಾಡಬೇಕು?

ಅಭಿನಯದಲ್ಲಿ! 2021ರ ಜನವರಿ 2ರಂದು ಬೆಳಗಾವಿಯೂ ಸೇರಿದಂತೆ ಕರ್ನಾಟಕದ ಐದು ಜಿಲ್ಲೆಗಳಲ್ಲಿ ಕೋವಿಡ್ ಲಸಿಕೆಯ ತಾಲೀಮು ನಡೆಯಿತು. 8ರಂದು ಇತರ ಜಿಲ್ಲೆಗಳಿಗೂ ವಿಸ್ತರಿಸಿತು. ಅಲ್ಲಿ ಲಸಿಕೆಯನ್ನು ಚುಚ್ಚಲಿಲ್ಲ. ಆರೋಗ್ಯ ಸಿಬ್ಬಂದಿಯಲ್ಲೇ ಕೆಲವರು ಲಸಿಕೆ ಪಡೆಯಲು ಬಂದವರಂತೆ ನಟಿಸಿದರು. ಉಳಿದವರು ಹೆಸರು ಪರಿಶೀಲಿಸಿ, ಕೋವಿನ್ ತಂತ್ರಾಂಶದಲ್ಲಿ ದಾಖಲಿಸಿ, ಅವರನ್ನು ನಿಗಾ ಕೊಠಡಿಗೆ ಕಳುಹಿಸಿದರು. ತೊಡಕುಗಳೇನಿದ್ದರೂ ಅಲ್ಲಿಯೇ ಕಾಣಲಿ ಎಂಬುದು ಉದ್ದೇಶ. ನಿಜವಾದ ಲಸಿಕಾಕಾರ್ಯ 16ರಂದು ಆರಂಭವಾಯಿತು.

ಪಾತ್ರಾಭಿನಯದ ಶಿಬಿರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಾಟಕವನ್ನು ಮನೋಚಿಕಿತ್ಸೆಗೆ ಬಳಸಿದ ವೈದ್ಯ ಜೇಕಬ್ ಮೊರೆನೊ ಪಾತ್ರಗಳನ್ನು ಅದಲುಬದಲು ಮಾಡಿಸುತ್ತಿದ್ದರು. ಇಲ್ಲಿಯೂ ಅಷ್ಟೆ: ದಾದಿ ರೋಗಿಯಾಗುತ್ತಾಳೆ, ವೈದ್ಯ ಗುಮಾಸ್ತನಾಗುತ್ತಾನೆ. ಹೊಸ ದಾಖಲೆ ಪದ್ಧತಿಯೆಂದರೆ ಮುಖ ತಿರುಗಿಸುತ್ತಿದ್ದ ಗುಮಾಸ್ತನನ್ನು ಹಿಡಿದಿದ್ದುದು ಸೋಮಾರಿತನವಲ್ಲ, ತಪ್ಪು ಮಾಡುವ ಭಯ ಎಂಬುದು ಆಗ ವೈದ್ಯನಿಗೆ ಹೊಳೆಯುತ್ತದೆ. ಆಟದ ಬಳಿಕ ನಡೆಯುವ ಚರ್ಚೆಯೇ ನಿಜವಾದ ಪಾಠ. ಅಲ್ಲಿ ಮೇಲಧಿಕಾರಿ ಗದರಿಸಿದರೆ ಪಾಠ ಕೆಟ್ಟಿತು.

ಶ್ರೀಕೃಷ್ಣ ಪಾರಿಜಾತವನ್ನು ಬೆಳಗಾಗುವವರೆಗೆ ಕಂಡ ಈ ಸೀಮೆಯ ಜನರಿಗೆ ಒಂದು ಮಾತು ಗೊತ್ತು: ತಾಲೀಮಿನಲ್ಲಿ ಎಡವಿದವನನ್ನು ಯಾರೂ ದೂರುವುದಿಲ್ಲ. ಆಸ್ಪತ್ರೆಗೂ ಅಂಥ ಒಂದು ಅಂಗಳ ಬೇಕು.